ಪದ ಪರಿಚಯ: ಒಂದೇ ಒಡೆತನ

ಕೊಡಗಿನ ಜಮ್ಮಾ ಜಮೀನಿನಲ್ಲಿ ಆಸ್ತಿ ಒಂದು, ಹಕ್ಕುದಾರರು ಒಕ್ಕದವರೆಲ್ಲ, ಅಂದರೆ ಇಡೀ ಮನೆತನದವರು. ಒಂದೇ ಒಡೆತನ ಇದರ ತಿರುವುಮುರುವು: ಉದ್ಯಮ ಹಲವು, ಹಿಡಿತ ಒಬ್ಬರದೇ. ಮಡಿಕೇರಿಯಲ್ಲೊಂದು ದಿನಪತ್ರಿಕೆ, ಕುಶಾಲನಗರದಲ್ಲೊಂದು ಕೇಬಲ್ ವಾಹಿನಿ, ಗೋಣಿಕೊಪ್ಪದಲ್ಲೊಂದು ಪ್ರಿಂಟಿಂಗ್ ಪ್ರೆಸ್ ಇವೆ ಎಂದುಕೊಳ್ಳಿ. ಹೆಸರು, ಕಚೇರಿ, ಲೆಕ್ಕಪತ್ರ ಬೇರೆಯಾದರೂ ಮೂರರ ಹಣಕಾಸಿಗೂ ನೇಮಕಕ್ಕೂ ಅಂತಿಮ ರುಜು ಒಬ್ಬರದೇ ಆದರೆ ಅದು ಒಂದೇ ಒಡೆತನ.

ಹಿಡಿತಕ್ಕೆ ಪೂರ್ತಿ ಷೇರು ಬೇಕಿಲ್ಲ. 2013ರ ಕಂಪನಿ ಕಾಯಿದೆಯ ಪ್ರಕಾರ, ಒಂದು ಕಂಪನಿಯ ಅರ್ಧಕ್ಕಿಂತ ಹೆಚ್ಚು ಮತಾಧಿಕಾರ ಇನ್ನೊಂದು ಕಂಪನಿಯ ಕೈಯಲ್ಲಿದ್ದರೆ ಅಥವಾ ನಿರ್ದೇಶಕ ಮಂಡಳಿ ಹೇಗಿರಬೇಕೆಂದು ಆ ಇನ್ನೊಂದು ಕಂಪನಿಯೇ ತೀರ್ಮಾನಿಸುವಂತಿದ್ದರೆ, ಮೊದಲನೆಯದು ಅದರ ಅಂಗಸಂಸ್ಥೆ. ಶೇ. 20ರಷ್ಟು ಮತಾಧಿಕಾರವಿದ್ದರೂ ಸಹವರ್ತಿ ಸಂಸ್ಥೆಯೆನಿಸುತ್ತದೆ. ಕಾಗದದಲ್ಲಿ ಕಾಣದ ಹಿಡಿತವೂ ಉಂಟು: ಪ್ರೆಸ್ಸಿನ ಬಾಕಿ ತೀರಿಸಲಾಗದ ಪತ್ರಿಕೆ ಪ್ರೆಸ್ ಮಾಲೀಕರ ಮಾತು ಮೀರುವುದು ಕಷ್ಟ.

ಪತ್ತೆಗೆ ಮೊದಲ ಜಾಗ ಪತ್ರಿಕೆಯೇ. 2024ರವರೆಗೆ ಜಾರಿಯಲ್ಲಿದ್ದ 1956ರ ಪತ್ರಿಕಾ ನೋಂದಣಿ ನಿಯಮಗಳಡಿ, ಫೆಬ್ರುವರಿ ಮುಗಿದ ನಂತರದ ಮೊದಲ ಸಂಚಿಕೆಯಲ್ಲಿ 'ನಮೂನೆ 4' ಪ್ರಕಟವಾಗುತ್ತ ಬಂದಿದೆ. ಮುದ್ರಕ, ಪ್ರಕಾಶಕ, ಸಂಪಾದಕ, ಮಾಲೀಕರ ಜೊತೆಗೆ ಶೇ. 1ಕ್ಕಿಂತ ಹೆಚ್ಚು ಬಂಡವಾಳ ಹೂಡಿದವರ ಹೆಸರು, ವಿಳಾಸ ಅದರಲ್ಲಿರುತ್ತದೆ. ಮಾಲೀಕರು ಕಂಪನಿಯಾಗಿದ್ದರೆ ಅಲ್ಲಿಗೇ ನಿಲ್ಲಬೇಡಿ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನಿರ್ದೇಶಕರನ್ನು ನೋಡಿ, ಶುಲ್ಕ ಕಟ್ಟಿ ವಾರ್ಷಿಕ ವಿವರಪಟ್ಟಿ ತೆಗೆಸಿ. ಷೇರುಗಳು ಹೆಂಡತಿ, ಭಾವಮೈದುನರ ಹೆಸರಿಗೆ ಹಂಚಿಹೋಗಿದ್ದರೆ ಹೆಸರು ಹುಡುಕಿದವರಿಗೆ ಏನೂ ಸಿಗದು, ಆದ್ದರಿಂದ ನೋಂದಾಯಿತ ವಿಳಾಸವನ್ನೂ ಲೆಕ್ಕಪರಿಶೋಧಕರನ್ನೂ ತಾಳೆ ಹಾಕಬೇಕು. ಸೀಮಿತ ಹೊಣೆಯದಲ್ಲದ (ಎಲ್‌ಎಲ್‌ಪಿ ಅಲ್ಲದ) ಸಾಮಾನ್ಯ ಪಾಲುದಾರಿಕೆಯ ಸಂಸ್ಥೆ ಈ ಜಾಲತಾಣಕ್ಕೆ ಬರುವುದೇ ಇಲ್ಲ.

ಒಂದೇ ಒಡೆತನ ತಪ್ಪೇನಲ್ಲ. ಸಣ್ಣ ಜಿಲ್ಲೆಯಲ್ಲಿ ಒಬ್ಬ ವರದಿಗಾರ ಪತ್ರಿಕೆಗೂ ವಾಹಿನಿಗೂ ದುಡಿದರೆ ಖರ್ಚು ಉಳಿಯುತ್ತದೆ, ಜಾಹೀರಾತನ್ನೂ ಒಟ್ಟಿಗೆ ಮಾರಬಹುದು. ತೊಡಕು ಬರುವುದು ಅದೇ ಮಾಲೀಕರಿಗೆ ರೆಸಾರ್ಟೂ ಇದ್ದಾಗ: ಗುಡ್ಡ ಕಡಿದ ಸುದ್ದಿ ಎರಡು ಕಡೆಯೂ ಏಕಕಾಲಕ್ಕೆ ಮಾಯವಾಗುತ್ತದೆ. ಪ್ರಸಾರ ಭಾರತಿಯದಾದ ಮಡಿಕೇರಿ ಆಕಾಶವಾಣಿ ಈ ಸರಪಳಿಯ ಹೊರಗಿದೆ, ಆದರೆ ಅದು ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆ ಎಂಬುದೂ ನೆನಪಿರಲಿ.

ಪತ್ರಿಕೆಯನ್ನೂ ಟಿವಿಯನ್ನೂ ಒಬ್ಬರೇ ಹೊಂದಬಾರದೆಂಬ ಸಾಮಾನ್ಯ ಕಾಯಿದೆ ಭಾರತದಲ್ಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2014ರಲ್ಲಿ ಮಿತಿಗಳನ್ನು ಶಿಫಾರಸು ಮಾಡಿತು, ಅವು ಕಾಯಿದೆಯಾಗಲಿಲ್ಲ.