ಐದು ವರ್ಷ ದಾಟಿದ ಮೇಲೂ ತೋರಿಸಬೇಕೇನು?

ಪ್ರಶ್ನೆ: ನಮ್ಮ ಚಿಗವ್ವಗ ಎಂಟು ವರ್ಷದ ಹಿಂದ ಎದಿ ಗಡ್ಡಿ ಆಪರೇಷನ್ ಆಗಿತ್ತು. ಕಿಮೋ, ಕರೆಂಟ್ (ರೇಡಿಯೇಷನ್) ಎಲ್ಲಾ ಮುಗಿಸಿದ್ದಳು. ಈಗ ಒಂದೂವರಿ ತಿಂಗಳಿಂದ ಸೊಂಟ ನೋವು ಅಂತಾಳ. ಐದು ವರ್ಷ ದಾಟೇತಿ, ಅದು ಮತ್ತ ಬರಂಗಿಲ್ಲ, ಇದು ಮೆಣಸಿನಕಾಯಿ ಬಿಡಿಸಿದ ನೋವು ಅಂತ ಮನ್ಯಾಗ ಅಂತಾರ. ತೋರಿಸಬೇಕೇನು? (ಸಿಂಧನೂರು ಕಡೆಯ ಓದುಗರು)

ಉತ್ತರ: ತೋರಿಸಬೇಕು, ಈ ವಾರವೇ. ಇದೇ ಪ್ರಶ್ನೆ ಊರು, ನೆಂಟಸ್ತನ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಒಮ್ಮೆ ಅವ್ವನ ಕೆಮ್ಮು, ಒಮ್ಮೆ ಅತ್ತೆಯ ಬೆನ್ನು. ಬದಲಾಗದೆ ಉಳಿಯುವುದು ‘ಐದು ವರ್ಷ ದಾಟೇತಿ’ ಎಂಬ ಒಂದು ಮಾತು. ಮೊದಲು ಅದರ ಲೆಕ್ಕ ಮುಗಿಸೋಣ.

ಈ ಐದು ಎಲ್ಲಿಂದ ಬಂತು? ಚಿಕಿತ್ಸೆಯ ಫಲಿತಾಂಶವನ್ನು ಐದು ವರ್ಷಕ್ಕೆ ಅಳೆಯುವುದು ಅಂಕಿಅಂಶದವರ ರೂಢಿ. ಹಾರ್ಮೋನ್ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಬಹುಕಾಲ ಐದು ವರ್ಷಕ್ಕೇ ಬರೆಯುತ್ತಿದ್ದರು. ಐದು ವರ್ಷವಾದ ಮೇಲೆ ಆಸ್ಪತ್ರೆಯವರು ‘ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು’ ಎನ್ನುತ್ತಾರೆ. ಮನೆಯವರಿಗೆ ಅದು ‘ಇನ್ನು ಬರುವುದೇ ಬೇಡ’ ಎಂದು ಕೇಳಿಸುತ್ತದೆ. ಈ ಮೂರರಲ್ಲಿ ಯಾವುದೂ ‘ಮತ್ತೆ ಬರುವುದಿಲ್ಲ’ ಎಂದು ಹೇಳಿಲ್ಲ.

ಎದೆಯ ಕ್ಯಾನ್ಸರ್ ಒಂದೇ ರೋಗವಲ್ಲ. ಹಾರ್ಮೋನ್‌ಗೂ ಹರ್‌2 ಎಂಬ ಪ್ರೊಟೀನಿಗೂ ಸ್ಪಂದಿಸದ ‘ಟ್ರಿಪಲ್ ನೆಗೆಟಿವ್’ ಬಗೆಯದು ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಮೂರು ನಾಲ್ಕು ವರ್ಷಗಳಲ್ಲೇ. ಆ ಬಗೆಗೆ ನಿಮ್ಮ ಮನೆಯವರ ಮಾತು ಬಹುಮಟ್ಟಿಗೆ ಸರಿ. ಆದರೆ ಹೆಚ್ಚಿನ ಮಹಿಳೆಯರಲ್ಲಿ ಇರುವುದು ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್ ಬಗೆ, ಅಂದರೆ ಈಸ್ಟ್ರೋಜನ್ ಹಾರ್ಮೋನ್‌ನಿಂದ ಬೆಳೆಯುವಂಥದ್ದು. ಅದರ ಕೆಲವು ಕೋಶಗಳು ಎಲುಬಿನ ಮಜ್ಜೆಯಂಥ ಜಾಗ ಸೇರಿ, ಬೆಳೆಯದೆ ಸಾಯದೆ ವರ್ಷಗಟ್ಟಲೆ ಉಳಿಯಬಲ್ಲವು. 88 ಪ್ರಯೋಗಗಳ 62 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ಸೇರಿಸಿ ಮಾಡಿದ ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಯಿತು. ಎಲ್ಲರೂ ಐದು ವರ್ಷ ಹಾರ್ಮೋನ್ ಮಾತ್ರೆ ನುಂಗಿ, ಅಲ್ಲಿಯವರೆಗೆ ರೋಗವಿಲ್ಲದೆ ಇದ್ದವರು. ನಂತರದ 15 ವರ್ಷಗಳಲ್ಲಿ ದೇಹದ ಬೇರೆ ಕಡೆ ಕ್ಯಾನ್ಸರ್ ಕಾಣಿಸಿಕೊಳ್ಳುವ ಅಂದಾಜು ಹೀಗಿತ್ತು: ಗಡ್ಡೆ ಎರಡು ಸೆಂ.ಮೀ. ಒಳಗಿದ್ದು, ಕಂಕುಳ ಗ್ರಂಥಿಗೆ ಹರಡಿರದಿದ್ದರೆ ನೂರಕ್ಕೆ 13. ಗಡ್ಡೆ ಅದಕ್ಕಿಂತ ದೊಡ್ಡದಿದ್ದು, ನಾಲ್ಕರಿಂದ ಒಂಬತ್ತು ಗ್ರಂಥಿಗಳಿಗೆ ಹರಡಿದ್ದರೆ ನೂರಕ್ಕೆ 41. ಐದನೇ ವರ್ಷಕ್ಕೆ ಗೆರೆ ಎಳೆದು ನಿಂತದ್ದು ಏನೂ ಇಲ್ಲ. ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಏರುತ್ತಲೇ ಹೋಗಿತ್ತು.

ಇದನ್ನು ಓದಿ ಎದೆ ಒಡೆದುಕೊಳ್ಳಬೇಡಿ. ಆ 13ರ ಇನ್ನೊಂದು ಬದಿ 87. ಎಂಟು ವರ್ಷದ ನಂತರದ ಸೊಂಟನೋವು ನಿಜಕ್ಕೂ ಮೆಣಸಿನಕಾಯಿ ಹೊಲದ್ದೇ ಇರಬಹುದು. ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಎಂಬ ಹಾರ್ಮೋನ್ ತಗ್ಗಿಸುವ ಮಾತ್ರೆ ತೆಗೆದುಕೊಂಡವರಲ್ಲಿ ಕೀಲು ಹಿಡಿಯುವುದು, ಎಲುಬು ಸವೆಯುವುದು ಸಾಮಾನ್ಯ. ಹಾಗೆಂದು ಪರೀಕ್ಷೆಗೆ ಮೊದಲೇ ಮನೆಯಲ್ಲಿ ಕೂತು ತೀರ್ಪು ಕೊಡುವಂತಿಲ್ಲ.

ದುಡಿಮೆಯ ನೋವು ಮಲಗಿದರೆ ಇಳಿಯುತ್ತದೆ, ಕೆಲಸ ಬಿಟ್ಟ ವಾರದಲ್ಲಿ ಕಡಿಮೆಯಾಗುತ್ತದೆ. ಎರಡು ವಾರ ದಾಟಿದ, ದಿನದಿಂದ ದಿನಕ್ಕೆ ಹೆಚ್ಚುವ, ರಾತ್ರಿ ನಿದ್ದೆಗೆಡಿಸುವ ಹೊಸ ನೋವನ್ನು ನಂಬಬೇಡಿ. ಬಿಡದ ಒಣಕೆಮ್ಮು, ಏದುಸಿರು, ಕಣ್ಣು ಹಳದಿಯಾಗುವುದು, ಕಾರಣವಿಲ್ಲದೆ ಸೊರಗುವುದು, ಬೆಳಗಿನ ತಲೆನೋವಿನ ಜೊತೆ ವಾಂತಿ, ಆಪರೇಷನ್ ಗಾಯದ ಮೇಲೆ ಅಥವಾ ಕತ್ತಿನಲ್ಲಿ ಗಂಟು, ಇವಕ್ಕೂ ಇದೇ ಮಾತು. ಬೆನ್ನುನೋವಿನ ಜೊತೆ ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಬೆನ್ನುಹುರಿ ಒತ್ತಿಹೋಗುತ್ತಿರಬಹುದು. ನಡಿಗೆ ಪೂರ್ತಿ ನಿಂತ ಮೇಲೆ ಚಿಕಿತ್ಸೆ ಕೊಟ್ಟರೂ ಅದು ಮರಳುವುದು ಕಷ್ಟ.

ಡಾಕ್ಟರ ಮುಂದೆ ಕೂತಾಗ ಹೇಳಬೇಕಾದ ಮೊದಲ ಮಾತು: ‘ಇವರಿಗೆ ಎಂಟು ವರ್ಷದ ಹಿಂದೆ ಎದೆ ಕ್ಯಾನ್ಸರ್ ಆಗಿತ್ತು.’ ನಮ್ಮ ಕಡೆ ಎಡವುವುದೇ ಇಲ್ಲಿ. ‘ಗಡ್ಡಿ ತಗಿಸಿದ್ವಿ’ ಎಂದು ತೇಲಿಸುತ್ತಾರೆ, ಇಲ್ಲವೇ ಪೂರ್ತಿ ಮುಚ್ಚಿಡುತ್ತಾರೆ. ಎಲುಬಿನ ಡಾಕ್ಟರು ಎಕ್ಸ್‌ರೇ ನೋಡಿ ‘ಸವೆತ’ ಎಂದು ನೋವಿನ ಮಾತ್ರೆ ಬರೆಯುತ್ತಾರೆ. ಎಲುಬಿನ ಖನಿಜ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕರಗುವವರೆಗೆ ಸಾದಾ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಹಾಗಾಗಿ ಎಕ್ಸ್‌ರೇ ಚೆನ್ನಾಗಿದೆ ಎಂಬುದು ಉತ್ತರವಲ್ಲ. ಬೆನ್ನಿನ ಎಂಆರ್‌ಐ ಅಥವಾ ಬೋನ್ ಸ್ಕ್ಯಾನ್ ಬೇಕೇ ಎಂದು ಕೇಳಿ. ರಕ್ತದಲ್ಲಿ ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್ ನೋಡಿಸಿ. ಬಾಯಾರಿಕೆ, ಮಲಬದ್ಧತೆ, ಮಂಕು ಒಟ್ಟಿಗೆ ಬಂದಿದ್ದರೆ ಕ್ಯಾಲ್ಸಿಯಂ ಏರಿರಬಹುದು. ಅದಕ್ಕೂ ಅಂದೇ ಆಸ್ಪತ್ರೆ ಬೇಕು.

ಅಲ್ಲಿಯವರೆಗೆ ಸೊಂಟ ತಿಕ್ಕಿಸುವುದು, ನೆಟಿಗೆ ತೆಗೆಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು ಪೂರ್ತಿ ಬಂದ್. ಒಳಗೆ ಟೊಳ್ಳಾದ ಎಲುಬು ಒಂದೇ ಒದೆತಕ್ಕೆ ಮುರಿಯಬಹುದು.

ಕ್ಯಾನ್ಸರೇ ಎಂದು ತಿಳಿದರೂ ‘ಮುಗೀತು’ ಎನ್ನಬೇಡಿ. ಎಲುಬಿಗೆ ಬಂದದ್ದನ್ನು ಬೇರುಸಹಿತ ಕೀಳಲು ಸಾಮಾನ್ಯವಾಗಿ ಆಗುವುದಿಲ್ಲ, ನಿಜ. ಆದರೆ ಹಾರ್ಮೋನ್ ಬಗೆಯದನ್ನು ಮಾತ್ರೆಗಳಿಂದ ವರ್ಷಗಟ್ಟಲೆ ಹತೋಟಿಯಲ್ಲಿ ಇಡಬಹುದು. ನೋವಿಗೆ ಎಷ್ಟೋ ಸಲ ಒಂದೇ ಸಿಟ್ಟಿಂಗ್ ಕರೆಂಟ್ ಸಾಕಾಗುತ್ತದೆ. ಎಲುಬು ಗಟ್ಟಿಯಾಗಲು ಜೋಲೆಡ್ರಾನಿಕ್ ಆಸಿಡ್ ಇಂಜೆಕ್ಷನ್ ಇದೆ. ಅದಕ್ಕೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳಿಸಬೇಕಾದ ಹಲ್ಲು ಕೀಳಿಸಿಕೊಳ್ಳಿ. ಆಮೇಲೆ ಕಿತ್ತರೆ ದವಡೆ ಮಾಯುವುದು ಕಷ್ಟ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಹಳೆಯ ಫೈಲು ಎಲ್ಲಿದೆ? ಬಹಳ ಮನೆಗಳಲ್ಲಿ ಬಿಲ್ಲು ಇರುತ್ತದೆ, ಬಯಾಪ್ಸಿ ರಿಪೋರ್ಟ್ ಇರುವುದಿಲ್ಲ. ಬೇಕಾದದ್ದು ಆಪರೇಷನ್ ನಂತರದ ಪೆಥಾಲಜಿ ರಿಪೋರ್ಟ್, ಇಆರ್, ಪಿಆರ್ (ಎರಡು ಹಾರ್ಮೋನ್ ರಿಸೆಪ್ಟರ್‌ಗಳು), ಹರ್‌2 ಬರೆದಿರುವ ಐಎಚ್‌ಸಿ ಎಂಬ ಪರೀಕ್ಷೆಯ ಹಾಳೆ, ಕಿಮೋ ಔಷಧಿಗಳ ಹೆಸರಿರುವ ಡಿಸ್ಚಾರ್ಜ್ ಸಮ್ಮರಿ. ಸಿಗದಿದ್ದರೆ ಆಪರೇಷನ್ ಆದ ಆಸ್ಪತ್ರೆಗೆ ಅರ್ಜಿ ಕೊಟ್ಟು, ಮೇಣದಲ್ಲಿ ಕಾದಿಟ್ಟ ಗಡ್ಡೆಯ ತುಣುಕು, ಅಂದರೆ ಬ್ಲಾಕ್, ಇನ್ನೂ ಇದೆಯೇ ಎಂದು ಕೇಳಿ. ಇದ್ದರೆ ಅದರಿಂದಲೇ ಹಳೆಯ ಬಗೆ ತಿಳಿಯುತ್ತದೆ. ಹೊಸ ಜಾಗದ್ದು ಕ್ಯಾನ್ಸರೇ ಆದರೆ ಅಲ್ಲಿಂದಲೂ ಬಯಾಪ್ಸಿ ಕೇಳುತ್ತಾರೆ, ಬೇಡವೆನ್ನಬೇಡಿ. ಎಂಟು ವರ್ಷದಲ್ಲಿ ರಿಸೆಪ್ಟರ್ ಬದಲಾಗಿರಬಹುದು, ಔಷಧಿಯೂ ಅದರಂತೆ ಬದಲಾಗುತ್ತದೆ. ಈ ಫೈಲು, ಬಿಪಿಎಲ್ ಕಾರ್ಡು, ಆಧಾರ್ ಹಿಡಿದು ಮೊದಲು ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಹೋಗಿ. ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆಡೆಗೋ ಕಳಿಸುವುದಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ರೆಫರಲ್ ಪತ್ರ ಬರೆಸಿಕೊಂಡೇ ಹೊರಡಿ.