ಏಲಂಗೆ ಮೊದಲು ಪಾಲಿಶ್ ಬೇಡ ಮಾರಾಯ್ರೇ

ಹಳೆಯ ವಾಚು, ಒಡವೆಗಳ ಬೆಲೆ ಅಂದಾಜು ಮಾಡಿ ಏಲಂಗೆ ಕಳಿಸಿಕೊಡುವುದು ಮಂಗಳೂರಿನಲ್ಲಿ ನನ್ನ ಕಸುಬು. ಬರುವವರಿಗೆಲ್ಲ ಮೊದಲೇ ಫೋನಿನಲ್ಲಿ ಹೇಳುತ್ತೇನೆ: ಹೇಗಿದೆಯೋ ಹಾಗೇ ತನ್ನಿ. ಆದರೂ ಫಳಫಳ ಹೊಳೆಯುವ ವಾಚನ್ನು ಮೇಜಿನ ಮೇಲಿಟ್ಟು, "ಹೊಸದರ ಹಾಗೆ ಮಾಡಿಸಿದ್ದೇವೆ ಸರ್" ಎಂದು ಖುಷಿಯಿಂದ ನೋಡುತ್ತಾರೆ. ಆ ಮುಖಕ್ಕೆ ನಿಜ ಹೇಳುವುದು ನನ್ನ ಕೆಲಸದ ಅತಿ ಕಷ್ಟದ ಭಾಗ.

ಕಾಪು ಕಡೆಯವರೊಬ್ಬರು ತಂದೆಯ ಒಮೆಗಾ ಸೀಮಾಸ್ಟರ್ ವಾಚು ತಂದಿದ್ದರು. ತಂದೆ ಹಡಗಿನಲ್ಲಿ ಕೆಲಸಕ್ಕಿದ್ದಾಗ ಏಡನ್‌ನಲ್ಲಿ ಕೊಂಡದ್ದು. ಡಯಲ್ ಅಚ್ಚ ಬಿಳಿ. ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದು ನೋಡಿದರೆ ಆರು ಗಂಟೆಯ ಕೆಳಗಿನ 'ಸ್ವಿಸ್ ಮೇಡ್' ಅಕ್ಷರಗಳು ಒಂದು ದಪ್ಪ, ಒಂದು ಸಪೂರ. ಅಂಚಿನಲ್ಲಿ ಶಾಯಿ ಹರಡಿದೆ. ನಿಮಿಷದ ಗೆರೆಗಳು ಗಂಟೆಯ ಕಡ್ಡಿಗಳಿಗೆ ನೇರ ಕೂತಿಲ್ಲ. ಹಳೆ ಬಣ್ಣ ಕಿತ್ತು ಹೊಸದಾಗಿ ಬಳಿದ ಡಯಲ್ ಅದು. ಮೊದಲಿನ ಫೋಟೋ ಅವರ ಮೊಬೈಲಿನಲ್ಲೇ ಇತ್ತು: ಇಡೀ ಡಯಲ್ ಸಮನಾಗಿ ಕಂದು ತಿರುಗಿತ್ತು. ಸಂಗ್ರಾಹಕರು ಹುಡುಕುವುದೇ ಆ ಬಣ್ಣವನ್ನು. ಡಯಲ್ ಬಳಿಸಿದ್ದಕ್ಕೆ ಬೆಲೆ ಅರ್ಧಕ್ಕಿಳಿದದ್ದನ್ನು ನಾನು ನೋಡಿದ್ದೇನೆ. ಹಾಗೆಂದು ಎಲ್ಲ ಕಲೆಯೂ ಒಳ್ಳೆಯದಲ್ಲ. ನಮ್ಮ ಮಳೆಗಾಲದ ತೇವ ಒಳಹೊಕ್ಕು ಬಂದ ಬೂಸ್ಟು, ತುಕ್ಕು ಬೆಲೆ ಇಳಿಸುತ್ತವೆ. ಯಾವುದು ಯಾವುದೆಂದು ನೋಡಿ ಹೇಳಬೇಕು. ಅದಕ್ಕೇ ಮೊದಲು ತೋರಿಸಿ ಎನ್ನುವುದು.

ಕೇಸ್, ಅಂದರೆ ವಾಚಿನ ಹೊರಕವಚದ ವಿಷಯವೂ ಅಷ್ಟೇ. ಪಾಲಿಶ್ ಎಂದರೆ ಒರೆಸುವುದಲ್ಲ, ಲೋಹವನ್ನು ಸವೆಸುವುದು. ಪಟ್ಟಿ ಸಿಕ್ಕಿಸುವ ಕೊಂಬುಗಳ ಮೇಲ್ಭಾಗಕ್ಕೆ ಕಾರ್ಖಾನೆಯಲ್ಲಿ ಸಣ್ಣ ಗೆರೆ ಎಳೆದು, ಬದಿಗೆ ಹೊಳಪು ಕೊಟ್ಟು, ನಡುವೆ ಚೂಪಾದ ಅಂಚು ಬಿಟ್ಟಿರುತ್ತಾರೆ. ಬಫ್ ಚಕ್ರಕ್ಕೆ ಹಿಡಿದರೆ ಆ ಅಂಚು ಬಚ್ಚಲಿನಲ್ಲಿ ಸವೆದ ಸಾಬೂನಿನ ಹಾಗೆ ಉರುಟಾಗುತ್ತದೆ. ಗೀರು ಹೋಯಿತು ಎಂದು ನಿಮಗೆ ಸಮಾಧಾನ. ಕೊಳ್ಳುವವನಿಗೆ ಕಾಣುವುದು ಹೋದ ಲೋಹ.

ಕತ್ತಲಲ್ಲಿ ಹೊಳೆಯುವ ಮುಳ್ಳುಗಳನ್ನೂ ಹೊಸತು ಮಾಡಿಸುತ್ತಾರೆ. 1950ರ ದಶಕದ ವಾಚಿನಲ್ಲಿ ಇರುವುದು ಹೆಚ್ಚಾಗಿ ರೇಡಿಯಂ ಎಂಬ ವಿಕಿರಣ ಸೂಸುವ ಧಾತು. ಅದು ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು, ಆದರೆ ಅದರೊಂದಿಗೆ ಬೆರೆಸಿದ, ಬೆಳಕು ಕೊಡುವ ಜಿಂಕ್ ಸಲ್ಫೈಡ್ ಕೆಲವೇ ದಶಕಗಳಲ್ಲಿ ಸತ್ತು ಬೆಳಕು ನಿಲ್ಲುತ್ತದೆ. ಹಾಗಾಗಿ ಆ ಕಾಲದ ವಾಚು ಇವತ್ತು ಚೆನ್ನಾಗಿ ಹೊಳೆದರೆ ನನಗೆ ಮೊದಲು ಬರುವುದು ಅನುಮಾನ. ಬೆಳಕು ನಿಂತರೂ ವಿಕಿರಣ ನಿಂತಿರುವುದಿಲ್ಲ. ಮನೆಯಲ್ಲಿ ಬಿಚ್ಚಿ ಕೆರೆಯಬೇಡಿ, ಆ ಪುಡಿ ಒಳಗೆ ಹೋಗಬಾರದು.

ಹಿಂಬದಿಯಲ್ಲಿ ಕೆತ್ತಿಸಿದ ಹೆಸರನ್ನು ಉಜ್ಜಿಸಿ ತೆಗೆಸುವವರಿದ್ದಾರೆ, "ಬೇರೆಯವರ ಹೆಸರು ಯಾರಿಗೆ ಬೇಕು" ಎಂದು. ನಟ ಪಾಲ್ ನ್ಯೂಮನ್‌ಗೆ ಹೆಂಡತಿ ಕೊಟ್ಟ ರೋಲೆಕ್ಸ್ ಡೇಟೋನಾದ ಹಿಂದೆ 'ಡ್ರೈವ್ ಕೇರ್‌ಫುಲಿ ಮಿ' (ಜೋಪಾನವಾಗಿ ಓಡಿಸು, ಇಂತಿ ನಾನು) ಎಂದು ಕೆತ್ತಿತ್ತು. 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಅದು 1.77 ಕೋಟಿ ಡಾಲರ್‌ಗೂ ಮೇಲೆ ಹೋಯಿತು. ನಿಮ್ಮ ಅಜ್ಜನ ಹೆಸರಿಗೆ ಅಷ್ಟು ಬರಲಿಕ್ಕಿಲ್ಲ. ಆದರೆ ವಾಚು ಯಾರ ಕೈಯಲ್ಲಿತ್ತು ಎನ್ನುವುದಕ್ಕೆ ಆ ಹೆಸರೇ ಸಾಕ್ಷಿ; ಹಳೆ ಬಿಲ್, ಪೆಟ್ಟಿಗೆ ಇದ್ದರೆ ಅವನ್ನೂ ಬಿಸಾಡಬೇಡಿ.

ಒಡವೆಗೆ ಬಂದರೆ ಮೂಲ್ಕಿಯ ಅಜ್ಜಿಯೊಬ್ಬರನ್ನು ನೆನೆಯುತ್ತೇನೆ. ಕೆಂಪುಕಲ್ಲಿನ ಬೆಂಡೋಲೆಯನ್ನು ಸಾಬೂನು ನೀರಿನಲ್ಲಿ ನೆನೆಹಾಕಲು ಸೊಸೆ ಹೊರಟಾಗ "ಮುಟ್ಟಬೇಡ" ಎಂದು ಕೈ ಹಿಡಿದರಂತೆ. ಎಷ್ಟು ಸರಿ! ಹಿಂಬದಿ ಮುಚ್ಚಿ ಕಲ್ಲು ಕೂರಿಸಿದ ಹಳೆ ಒಡವೆಯಲ್ಲಿ ಕಲ್ಲಿನ ಅಡಿ ತೆಳು ಬೇಗಡೆ, ಅಂದರೆ ಹೊಳೆಯುವ ಲೋಹದ ಹಾಳೆ ಇರುತ್ತದೆ, ಕಲ್ಲಿಗೆ ಹೊಳಪು ಬರುವುದೇ ಅದರಿಂದ. ನೀರು ಇಳಿದರೆ ಬೇಗಡೆ ಕಪ್ಪಾಗಿ ಕಲ್ಲು ಸತ್ತಂತೆ ಕಾಣುತ್ತದೆ. ಇನ್ನು, ಹಳತು ಎಂದ ಮಾತ್ರಕ್ಕೆ ಕೆಂಪುಕಲ್ಲೆಲ್ಲ ಬರ್ಮಾದ ಮಾಣಿಕ್ಯವಲ್ಲ. ವರ್ನೆಯ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1902ರಲ್ಲೇ ಕೃತಕ ಮಾಣಿಕ್ಯದ ವಿಧಾನ ಪ್ರಕಟಿಸಿದ. ಅಂಥ ಕಲ್ಲಿನೊಳಗೆ ಬಾಗಿದ ಗೆರೆಗಳು ಕಾಣುತ್ತವೆ. ಲ್ಯಾಬ್ ವರದಿ ಬರುವ ತನಕ ನಾನು ಬಾಯಿ ಬಿಡುವುದಿಲ್ಲ, ಬೇಸರಿಸಬೇಡಿ.

ಒಡವೆ ನೂರು ವರ್ಷ ದಾಟಿರಬಹುದು ಎನಿಸಿದರೆ, ದುಬೈಯ ಮಗನ ಕೈಯಲ್ಲಿ ಕಳಿಸಿ ಅಲ್ಲಿ ಮಾರಿಸುವ ಯೋಚನೆ ಬಿಡಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ನಿಮ್ಮದು ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಬರಹದಲ್ಲಿ ಪಡೆದುಕೊಳ್ಳಿ; ನನ್ನ ಬಾಯಿಮಾತು ಅದಕ್ಕೆ ಸಾಲದು.