ಚಕ್ಕೆ ಉದುರಬೇಕು, ಹಿಟ್ಟಲ್ಲ

ಮೇ ತಿಂಗಳ ಬೆಳಗಿನಲ್ಲಿ ಮುಂಬೈಯ ಮಾಟುಂಗಾದಲ್ಲಿ ನಡೆದು ಹೋಗುವವರಿಗೆ ಮಳೆಗಾಲಕ್ಕೆ ಮುಂಚೆ ಕೊಂಬೆ ಸವರುವ ತಂಡಗಳು ಎದುರಾಗುತ್ತವೆ. ಅಲ್ಲಿ ಕಲಬುರಗಿ, ವಿಜಯಪುರದ ಕಡೆಯ ಕನ್ನಡ ಕಿವಿಗೆ ಬೀಳುವುದೂ ಉಂಟು. ಮಳೆಮರದ ಮೇಲೆ ಸೊಂಟಕ್ಕೆ ಹಗ್ಗ ಬಿಗಿದು ನಿಂತವನ ಚೈನ್ ಗರಗಸ ಹರಿತವಾಗಿದೆಯೇ ಎಂದು ತಿಳಿಯಲು ತಲೆ ಎತ್ತಬೇಕಾಗಿಲ್ಲ. ನೆಲದ ಮೇಲೆ ಅವಲಕ್ಕಿಯಂಥ ಚಕ್ಕೆ ಬಿದ್ದಿದ್ದರೆ ಹಲ್ಲು ಚೆನ್ನಾಗಿದೆ. ರಾಗಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಗರಗಸ ಕೊಯ್ಯುತ್ತಿಲ್ಲ, ಬರಿದೆ ಉಜ್ಜುತ್ತಿದೆ. ಗರಗಸ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಎಂಜಿನ್ ಎಷ್ಟು ಸಿ.ಸಿ. ಎಂದು. ನನ್ನ ಲೆಕ್ಕದಲ್ಲಿ ಅದು ಮೂರನೆಯ ಪ್ರಶ್ನೆ. ತೂಕ ಮೊದಲನೆಯದು, ಚೈನ್ ಎರಡನೆಯದು.

ಮರ ಹತ್ತಿ ಕೆಲಸ ಮಾಡುವವರಿಗಾಗಿಯೇ ಹಿಡಿಯನ್ನು ಎಂಜಿನ್ನಿನ ನೆತ್ತಿಯ ಮೇಲೆ ಕೂರಿಸಿದ ಗರಗಸಗಳಿವೆ. ಅವುಗಳ ಎಂಜಿನ್ ಸಾಮಾನ್ಯವಾಗಿ 25ರಿಂದ 35 ಸಿ.ಸಿ., ಚೈನ್ ಸುತ್ತಿ ಓಡುವ ಚಪ್ಪಟೆ ಪಟ್ಟಿಯಾದ ಬಾರಿನ ಉದ್ದ 25ರಿಂದ 35 ಸೆಂ.ಮೀ., ಬಾರ್ ಮತ್ತು ಚೈನ್ ಬಿಟ್ಟು ತೂಕ ಮೂರು ಕಿಲೋ ಆಸುಪಾಸು. ಅರ್ಧ ಕಿಲೋ ವ್ಯತ್ಯಾಸ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ತೋಳು ಚಾಚಿ ಹತ್ತು ಕೊಂಬೆ ಕೊಯ್ದ ಮೇಲೆ ಭುಜಕ್ಕೆ ಗೊತ್ತಾಗುತ್ತದೆ. ಸೋತ ತೋಳು ಬಾರಿನ ತುದಿಯನ್ನು ಹತೋಟಿಯಲ್ಲಿಡಲಾರದು, ಮತ್ತು ಆ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಇಡೀ ಗರಗಸ ಮುಖದತ್ತ ಚಿಮ್ಮುತ್ತದೆ. ಒಂಟಿ ಕೈಗೆಂದೇ ಮಾಡಿದಂತೆ ಕಾಣುವ ಈ ಯಂತ್ರವನ್ನು ಎರಡೂ ಕೈಗಳಿಂದ ಹಿಡಿಯಬೇಕಾದ ಕಾರಣ ಇದೇ. ನೆಲಕ್ಕೆ ಬಿದ್ದ ಕಾಂಡವನ್ನು ತುಂಡರಿಸಲು ಹಿಂಬದಿಯಲ್ಲಿ ಹಿಡಿಯಿರುವ ಬೇರೆ ಗರಗಸವೇ ಸರಿ. ಬ್ಯಾಟರಿಯ ಗರಗಸಗಳೂ ಈಗ ಕೊಂಬೆಗಳ ಕೆಲಸಕ್ಕೆ ಸಾಕಾಗುವಷ್ಟು ಬಲಿತಿವೆ. ಆದರೆ ಮೊಂಡು ಹಲ್ಲು ಅವುಗಳ ಚಾರ್ಜನ್ನು ನುಂಗಿಬಿಡುತ್ತದೆ.

ಹಲ್ಲಿನ ವಿಷಯಕ್ಕೇ ಬರೋಣ. ಸಣ್ಣ ಗರಗಸಗಳಲ್ಲಿ ಬಹಳವಾಗಿ ಕಾಣುವ ಮುಕ್ಕಾಲು ಇಂಚಿಗೊಂದು ಚಾಲಕ ಕೊಂಡಿಯ (ಎಂಜಿನ್ನಿನ ಚಕ್ರಕ್ಕೆ ಸಿಕ್ಕಿಕೊಳ್ಳುವ ಕೊಂಡಿ) ಚೈನನ್ನು ಆರು ಹಲ್ಲಿನ ಚಕ್ರ ನಿಮಿಷಕ್ಕೆ 10,000 ಸುತ್ತಿನಂತೆ ಎಳೆದರೆ, ಚೈನಿನ ವೇಗ ಸೆಕೆಂಡಿಗೆ ಸುಮಾರು 19 ಮೀಟರ್, ಎಂದರೆ ಗಂಟೆಗೆ 68 ಕಿ.ಮೀ. ಆ ವೇಗದಲ್ಲಿ ಚೈನಿನ ಪ್ರತಿ ಹಲ್ಲೂ ಎರಡು ಕೆಲಸ ಮಾಡುತ್ತದೆ: ಅದರ ಮೂಲೆ ನಾರನ್ನು ಅಡ್ಡಲಾಗಿ ಕತ್ತರಿಸುತ್ತದೆ, ಮೇಲಿನ ಅಂಚು ಬಡಗಿಯ ಉಳಿಯಂತೆ ಆ ನಾರನ್ನು ಎಬ್ಬಿಸಿ ತೆಗೆಯುತ್ತದೆ. ಈ ಜೋಡಿ ಕೆಲಸದ ಉಪಾಯ ಹುಳುವಿನಿಂದ ಬಂದದ್ದು. ಅಮೆರಿಕದ ಆರೆಗನ್ನಿನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ 1946ರಲ್ಲಿ ಕೊರಡಿನೊಳಗೆ ಮರಿಹುಳುವೊಂದು ಎಡಕ್ಕೂ ಬಲಕ್ಕೂ ದವಡೆಯಾಡಿಸುತ್ತ ಸಲೀಸಾಗಿ ಕೊರೆಯುವುದನ್ನು ಗಮನಿಸಿ, ಎಡಬಲ ಹಲ್ಲುಗಳು ಸರದಿಯಲ್ಲಿ ಬರುವ ಚೈನನ್ನು ರೂಪಿಸಿದ. ಇಂದಿನ ಚೈನ್‌ಗಳೆಲ್ಲ ಅದರ ಸಂತತಿ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ದಿಬ್ಬವಿದೆ. ಅದು ಹಲ್ಲಿನ ತುದಿಗಿಂತ ಸುಮಾರು 0.65 ಮಿ.ಮೀ. ತಗ್ಗಾಗಿದ್ದು, ಹಲ್ಲು ಒಮ್ಮೆಗೆ ಎಷ್ಟು ಆಳ ಕಚ್ಚಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ. ಹಲ್ಲಿನ ಮೇಲ್ಭಾಗ ಹಿಂದಕ್ಕೆ ಇಳಿಜಾರಾಗಿರುವುದರಿಂದ, ಅರ ಹಾಕಿದಷ್ಟೂ ಹಲ್ಲಿನ ಎತ್ತರ ಕುಗ್ಗುತ್ತದೆ. ದಿಬ್ಬ ಮಾತ್ರ ಹಾಗೆಯೇ ಉಳಿಯುತ್ತದೆ. ಚೆನ್ನಾಗಿ ಸಾಣೆಯಾದ ಚೈನ್ ಕೂಡ ಹಿಟ್ಟನ್ನೇ ಉದುರಿಸುವ ಒಗಟಿಗೆ ಉತ್ತರ ಇಲ್ಲಿದೆ. ಹಾಗೆಂದು ದಿಬ್ಬವನ್ನು ಕಣ್ಣಂದಾಜಿನಲ್ಲಿ ಉಜ್ಜಿದರೆ ಹಲ್ಲು ಅತಿಯಾಗಿ ಕಚ್ಚಿ ಗರಗಸ ಚಿಮ್ಮುವ ಅಪಾಯ ಹೆಚ್ಚುತ್ತದೆ. ಮಾಪಕ ಪಟ್ಟಿ ಇಟ್ಟೇ ಉಜ್ಜಬೇಕು. ಈ ಚೈನಿಗೆ 4 ಮಿ.ಮೀ. ದುಂಡು ಅರ ಹೊಂದುತ್ತದೆ. ಒಳಗಿನಿಂದ ಹೊರಕ್ಕೆ, ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಎಲ್ಲ ಹಲ್ಲಿಗೂ ಅಷ್ಟಷ್ಟೇ ಸಲ ತಳ್ಳಬೇಕು. ಒಂದು ಬದಿಯ ಹಲ್ಲುಗಳು ಗಿಡ್ಡವಾದರೆ ಕೊಯ್ತ ಸೊಟ್ಟಗೆ ಹೋಗುತ್ತದೆ. ನಗರದ ಮರಗಳಲ್ಲಿ ಇನ್ನೊಂದು ಕಾಟವಿದೆ: ಫಲಕ ಮತ್ತು ದೀಪದ ಸರ ತೂಗಿಸಲು ಯಾರೋ ಹೊಡೆದ ಮೊಳೆಗಳು ತೊಗಟೆಯೊಳಗೆ ಹುದುಗಿ ಹೋಗಿರುತ್ತವೆ. ಅಂಥ ಒಂದು ಮೊಳೆ ಇಡೀ ಬೆಳಗಿನ ಸಾಣೆಯನ್ನು ಕ್ಷಣದಲ್ಲಿ ಹಾಳು ಮಾಡುತ್ತದೆ.

ಇಂಧನದ ವಿಷಯದಲ್ಲಿ ಕಡಲ ತೀರದವರು ಹೆಚ್ಚು ಎಚ್ಚರದಿಂದಿರಬೇಕು. ಈ ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೊಂದೇ ಜಾರುಕ. 50:1 ಪ್ರಮಾಣವೆಂದರೆ ಲೀಟರಿಗೆ 20 ಮಿ.ಲೀ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಮತ್ತು ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮುಂಬೈಯ ಜುಲೈ ಹವೆಯಲ್ಲಿ ಅರೆಬರೆ ತುಂಬಿದ ಕ್ಯಾನು ವಾರಗಟ್ಟಲೆ ಕುಳಿತರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ತಳಕ್ಕಿಳಿಯಬಹುದು. ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ತಳದಿಂದ ಹೀರುವ ಎಂಜಿನ್ನಿಗೆ ಎಣ್ಣೆಯಿಲ್ಲದ ದ್ರವ ಸಿಕ್ಕಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಬೇಕಾದಷ್ಟನ್ನೇ ಬೆರೆಸಿ, ಗರಗಸವನ್ನು ಎತ್ತಿಡುವ ಮುನ್ನ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುವುದು ಕ್ಷೇಮ.

ಉಳಿದದ್ದು ದಿನದ ಐದು ನಿಮಿಷದ ಕೆಲಸ: ಗಾಳಿ ಸೋಸುವ ಫಿಲ್ಟರ್ ಕೊಡವುವುದು, ಬಾರಿನ ತೋಡು ಕೆರೆಯುವುದು, ಒಂದೇ ಅಂಚು ಸವೆಯದಂತೆ ಬಾರನ್ನು ಆಗಾಗ ಮಗುಚಿ ಹಾಕುವುದು. ಕೆಲಸ ಮುಗಿದಾಗ ಬಿಸಿಯಾದ ಚೈನ್ ಉದ್ದವಾಗಿ ಜೋತಿರುತ್ತದೆ. ಆ ಬಿಸಿಯಲ್ಲಿ ಬಿಗಿ ಮಾಡಿಟ್ಟರೆ, ತಣ್ಣಗಾಗುತ್ತ ಕುಗ್ಗುವ ಚೈನ್ ರಾತ್ರಿಯಿಡೀ ಚಕ್ರವನ್ನು ತಿರುಗಿಸುವ ಕ್ರ್ಯಾಂಕ್ ದಂಡವನ್ನು ಜಗ್ಗುತ್ತಿರುತ್ತದೆ. ಸಡಿಲಿಸಿಟ್ಟು, ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಬಿಗಿ ಮಾಡಬೇಕು.